ಆರ್-4 ಒಂದಕ್ಕೇ ಯಾಕೆ ಈ ಹುಚ್ಚು? (ಹುಡುಗ ಬೋರ್ಡ್ ಮೇಲೆ ಎಕ್ಸ್ ಘನ ಬರೆದ, ನಾನು ನೀರು ಕುಡಿದೆ)

ಮೇಷ್ಟ್ರು_ಸಾಗರ
ಎಲ್ಲರಿಗೂ ನಮಸ್ಕಾರ. ಡಿಗ್ರಿ ಕಾಲೇಜಲ್ಲಿ ಗಣಿತ ಹೇಳಿಕೊಡುವವನು ನಾನು. ನಿನ್ನೆ ಕೊನೇ ಪೀರಿಯಡ್, ಸಿಲಬಸ್ ಮುಗಿದಿತ್ತು, ಹೊರಗೆ ಜಡಿಮಳೆ. "ಸಾರ್, ಪರೀಕ್ಷೆಗೆ ಬರದೇ ಇರೋದು ಏನಾದ್ರೂ ಹೇಳಿ" ಅಂದ್ರು. ನಾನೂ ಹುರುಪಿನಲ್ಲಿ ಶುರು ಮಾಡಿದೆ. ಸರಳರೇಖೆ, ಸಮತಲ, ನಮ್ಮ ಮೂರು ಆಯಾಮದ ಜಾಗ, ಐದು, ಆರು, ನೂರು ಆಯಾಮ, ಎಲ್ಲಿ ಬೇಕಾದರೂ ಕಲನಶಾಸ್ತ್ರ ಮಾಡುವ ಬಗೆ ಒಂದೇ. ನಾಲ್ಕರಲ್ಲಿ ಮಾತ್ರ ಎಣಿಸಲಾಗದಷ್ಟು ಬಗೆ ಇವೆ, ಸಾದಾ ಒಂದನ್ನು ಬಿಟ್ಟು ಉಳಿದವಕ್ಕೆ ಎಕ್ಸಾಟಿಕ್ ಆರ್-4 ಅಂತಾರೆ (ಆರ್-4 ಅಂದರೆ ನಾಲ್ಕು ಆಯಾಮದ ಜಾಗ), ಅಂದೆ.

ಹಿಂದಿನ ಬೆಂಚಿನ ಒಬ್ಬ ಎದ್ದು ಬಂದ. ಬೋರ್ಡ್ ಮೇಲೆ ಒಂದು ಗೆರೆ ಎಳೆದ. "ಸಾರ್, ಈ ರೇಖೆ ಮೇಲೆ ಎಕ್ಸ್ ಬದಲು ಎಕ್ಸ್ ಘನವನ್ನೇ ನಿರ್ದೇಶಾಂಕ ಅಂತ ಇಟ್ಕೊಳ್ತೀನಿ. ಹೊಸದರಿಂದ ಹಳೆಯದಕ್ಕೆ ಹೋಗೋಕೆ ಘನಮೂಲ ಬೇಕು, ಅದಕ್ಕೆ ಸೊನ್ನೆಯಲ್ಲಿ ಅವಕಲನ ಇಲ್ಲ. ಅಲ್ಲಿಗೆ ಎರಡೂ ಹೊಂದಲ್ಲ. ಒಂದೇ ಆಯಾಮದಲ್ಲಿ ಎರಡು ಬಗೆ ಆಯ್ತಲ್ಲ, ನಾಲ್ಕರದ್ದೇನು ವಿಶೇಷ?"

ಬಾಟಲಿ ತೆಗೆದು ನೀರು ಕುಡಿದೆ. "ನಾಳೆ ಹೇಳ್ತೀನಿ" ಅಂದೆ. ನಾಳೆ ಅಂದ್ರೆ ಸೋಮವಾರ. ಎಲ್ಲೋ ಎಡವಿದ್ದಾನೆ ಅಂತ ಗೊತ್ತು, ಎಲ್ಲಿ ಅಂತ ಅವನಿಗೆ ತಿಳಿಯೋ ಹಾಗೆ ಹೇಳೋಕೆ ಬಾಯಿಗೆ ಬರ್ತಿಲ್ಲ. ಕನ್ನಡದಲ್ಲಿ ಹೇಳಿ ಪುಣ್ಯ ಕಟ್ಕೊಳ್ಳಿ.

ಬ್ಯಾಕ್‌ಬೆಂಚ್_ಭೈರ
ಆ ಹುಡುಗನ ಫೀಸು ನಾನು ಕಟ್ತೀನಿ ಸಾರ್.

ಗಂಟುಕಳ್ಳಿ
ಮೇಷ್ಟ್ರೇ, ಹುಡುಗ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಎರಡೂ ನಿರ್ದೇಶಾಂಕ ಒಂದಕ್ಕೊಂದು ಹೊಂದಲ್ಲ, ಒಪ್ಪಿದೆ. ಆದರೆ "ಬೇರೆ" ಅನ್ನೋದು ಬೇರೆ, "ಎಕ್ಸಾಟಿಕ್" ಅನ್ನೋದು ಬೇರೆ.

ನಮ್ಮ ಹಳೇ ಬಡಾವಣೆಗಳಲ್ಲಿ ಗೇಟಿನ ಮೇಲೆ ಎರಡು ನಂಬರ್ ಇರುತ್ತಲ್ಲ, ಹಳೇ ನಂಬರ್, ಹೊಸ ನಂಬರ್, ಹಾಗೆ ಅಂದುಕೊಳ್ಳಿ. ಹುಡುಗನ ಹೊಸ ಲೆಕ್ಕದಲ್ಲಿ 2 ಇದ್ದ ಮನೆಗೆ 8 ಅಂತ ಬೋರ್ಡು, 3 ಇದ್ದಲ್ಲಿ 27. ಈಗ ಹಳೇ ರಸ್ತೆಯ 8ನೇ ಮನೆಯವರನ್ನು ಹೊಸ ರಸ್ತೆಯಲ್ಲಿ 8 ಅಂತ ಬರೆದ ಮನೆಗೆ ಕಳಿಸಿ, 27ರವರನ್ನು 27ಕ್ಕೆ. ಅಂದರೆ ಟಿ ಅನ್ನೋ ಬಿಂದು ಟಿಯ ಘನಮೂಲಕ್ಕೆ ಹೋಯ್ತು. ವಿಳಾಸದ ಪ್ರಕಾರ ನೋಡಿದರೆ ಟಿ ಇದ್ದದ್ದು ಟಿಗೇ ಹೋಗಿದೆ. ಇದಕ್ಕಿಂತ ನುಣುಪಾದ (ಅಂದರೆ ಎಷ್ಟು ಸಲ ಬೇಕಾದರೂ ಅವಕಲನ ಸಿಗೋ) ಚಿತ್ರಣ ಉಂಟೇ? ಎರಡೂ ಕಡೆ ನುಣುಪಾಗಿರೋ ಇಂಥ ಒಂದಕ್ಕೊಂದು ಚಿತ್ರಣವೇ ಡಿಫಿಯೋಮಾರ್ಫಿಸಂ. ಅದು ಒಂದು ಸಿಕ್ಕಿದರೆ ಸಾಕು, ಎರಡೂ ರಚನೆ ಒಂದೇ ಜಾತಿ, ಬೋರ್ಡು ಮಾತ್ರ ಬೇರೆ.

ಎಕ್ಸಾಟಿಕ್ ಅನ್ನಬೇಕಾದರೆ ಹಾಗಲ್ಲ. ಹರಿಯದೆ, ಅಂಟಿಸದೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು, ಅಂದರೆ ಹೋಮಿಯೋಮಾರ್ಫಿಸಂ ಇದೆ. ಆದರೆ ಜನರನ್ನು ಹೇಗೆ ಸಾಗಿಸಿದರೂ ಎಲ್ಲೋ ಒಂದು ಕಡೆ ಮುರುಕು ಬಂದೇ ಬರುತ್ತೆ. ಒಂದು ದಾರಿ ಕೆಟ್ಟಿದೆ ಅಂತ ತೋರಿಸಿದರೆ ಸಾಲದು, ಎಲ್ಲಾ ದಾರಿಯೂ ಕೆಟ್ಟಿದೆ ಅಂತ ತೋರಿಸಬೇಕು. ಹುಡುಗ ತೋರಿಸಿದ್ದು ಒಂದು ದಾರಿ.

ಮೇಷ್ಟ್ರು_ಸಾಗರ
ಆಹಾ! ಹಳೇ ನಂಬರ್ ಹೊಸ ನಂಬರ್. ಇದು ಸೋಮವಾರಕ್ಕೆ ಸಾಕು. ಆದರೆ ಅವನು ಅಲ್ಲಿಗೆ ಬಿಡೋ ಪೈಕಿ ಅಲ್ಲ. "ಹಾಗಾದ್ರೆ ನಾಲ್ಕರಲ್ಲಿ ಮಾತ್ರ ಯಾಕೆ" ಅಂತ ಮತ್ತೆ ಎದ್ದು ನಿಲ್ತಾನೆ.

ಧಾರವಾಡ_ಪೇಢಾ
ಸರ, ಡೊನಾಲ್ಡ್‌ಸನ್ ಅನ್ನಾವ 1983ರಾಗ ಎಕ್ಸಾಟಿಕ್ ಆರ್-4 ಕಂಡುಹಿಡದಾನಲ್ರಿ. ಅದಕ್ಕ ಫೀಲ್ಡ್ಸ್ ಪದಕನೂ ಕೊಟ್ಟಾರ. ಅಲ್ಲಿಂದ ಶುರು ಮಾಡ್ರಿ.

ಗಂಟುಕಳ್ಳಿ
ಪೇಢಾ ಅವರೇ, ಅರ್ಧ ಸರಿ. ಡೊನಾಲ್ಡ್‌ಸನ್ ಕೊಟ್ಟಿದ್ದು "ಇಂಥದ್ದು ಆಗದು" ಅನ್ನೋ ಪ್ರಮೇಯ. ಅದಕ್ಕೆ ಒಂದು ವರ್ಷ ಮುಂಚೆ ಫ್ರೀಡ್‌ಮನ್ "ಇಂಥದ್ದೆಲ್ಲ ಆಗುತ್ತೆ" ಅನ್ನೋ ಪ್ರಮೇಯ ಕೊಟ್ಟಿದ್ದರು, ಆದರೆ ನುಣುಪಿನ ಮಾತಿಲ್ಲದೆ, ಬರೀ ಟೋಪಾಲಜಿಯಲ್ಲಿ, ಅಂದರೆ ಹರಿಯದೆ ಅಂಟಿಸದೆ ಬಗ್ಗಿಸೋ ಲೆಕ್ಕದಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ನಡುವೆ ಬಿದ್ದದ್ದು ಎಕ್ಸಾಟಿಕ್ ಆರ್-4. ಮೊದಲು ಗಮನಿಸಿದ್ದು ಫ್ರೀಡ್‌ಮನ್. 1983ರಲ್ಲೇ ಗೊಂಫ್ ಮೂರು ತೋರಿಸಿದರು. 1987ರಲ್ಲಿ ಟೌಬ್ಸ್ ಎಣಿಸಲಾಗದಷ್ಟಿವೆ ಅಂತ ಸಾಧಿಸಿದರು. ಪದಕ ಫ್ರೀಡ್‌ಮನ್, ಡೊನಾಲ್ಡ್‌ಸನ್ ಇಬ್ಬರಿಗೂ ಬಂತು, 1986ರಲ್ಲಿ, ಬರ್ಕ್ಲಿಯಲ್ಲಿ. ಆ ಪ್ರಮೇಯ ಸಾಧಿಸುವಾಗ ಡೊನಾಲ್ಡ್‌ಸನ್ ಇನ್ನೂ ಆಕ್ಸ್‌ಫರ್ಡಿನಲ್ಲಿ ಪಿಎಚ್‌ಡಿ ವಿದ್ಯಾರ್ಥಿ, ಇದು ನನಗೆ ವೈಯಕ್ತಿಕ ಅವಮಾನ.

ಧಾರವಾಡ_ಪೇಢಾ
ಆತ್ರೀ, ತಪ್ಪಾತು. ನಿಮ್ಮ ಪಿಎಚ್‌ಡಿ ಎಲ್ಲೀತನ ಬಂತು?

ಗಂಟುಕಳ್ಳಿ
ಆ ಪ್ರಶ್ನೆ ನಮ್ಮ ಅಮ್ಮ ಕೇಳಲಿ, ನೀವು ಕೇಳಬೇಡಿ.

ಕುಡ್ಲದ_ಮಾರಾಯ
"ನಾಲ್ಕರಲ್ಲಿ ಮಾತ್ರ ಯಾಕೆ" ಅಂತ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ ಮಾರಾಯ್ರೆ, ಬರೀ ಇಸವಿ ಹೇಳ್ತಾ ಇದ್ದೀರಿ. ನಾನು ಎಂಜಿನಿಯರ್, ನನಗೆ ಗೊತ್ತಾದಷ್ಟು ಹೇಳ್ತೇನೆ.

ಎರಡು ಸೀರೆ ಒಂದನ್ನೊಂದು ತೂರಿಕೊಂಡು ಹೋಗಿದೆ ಅಂತ ಇಟ್ಟುಕೊಳ್ಳಿ, ನಾಲ್ಕು ಆಯಾಮದಲ್ಲಿ. ಎರಡು ಮತ್ತು ಎರಡು ಸೇರಿ ನಾಲ್ಕು, ಹಾಗಾಗಿ ಅವು ಬಿಡಿ ಬಿಡಿ ಬಿಂದುಗಳಲ್ಲಿ ಸಂಧಿಸ್ತವೆ. ಬೇಡದ ಎರಡು ಬಿಂದುಗಳನ್ನು ಬಿಡಿಸ್ಲಿಕ್ಕೆ ವಿಟ್ನಿ ಅಂತ ಒಬ್ರು ಉಪಾಯ ಹೇಳಿದ್ದುಂಟು. ಆ ಎರಡೂ ಬಿಂದು ಅಂಚಿನಲ್ಲಿ ಬರುವ ಹಾಗೆ ನಡುವೆ ಒಂದು ಬಿಲ್ಲೆ ಹಾಸಿ, ಅದರ ಮೇಲಿಂದ ಒಂದು ಸೀರೆಯನ್ನು ಆಚೆ ಜಾರಿಸುವುದು. ಮೇಲಿನ ಆಯಾಮಗಳ ಸಮಸ್ಯೆ ಹೆಚ್ಚುಕಮ್ಮಿ ಬಗೆಹರಿದದ್ದೇ ಇದರಿಂದ. ಐದು ಆಯಾಮ ಇದ್ದರೆ ಬಿಲ್ಲೆ ತನ್ನನ್ನು ತಾನೇ ಮುಟ್ಟುವುದಿಲ್ಲ, ಚೂರು ಅಲುಗಿಸಿದರೆ ಬಿಡ್ತದೆ. ನಾಲ್ಕರಲ್ಲಿ ಬಿಲ್ಲೆಯೂ ಎರಡೇ ಆಯಾಮದ್ದಲ್ವಾ? ಅದೇ ತನ್ನನ್ನು ತಾನು ತೂರ್ತದೆ! ಅದನ್ನು ಬಿಡಿಸ್ಲಿಕ್ಕೆ ಇನ್ನೊಂದು ಬಿಲ್ಲೆ, ಅದಕ್ಕೆ ಮತ್ತೊಂದು. ಹರಿದ ಪಂಚೆಗೆ ತೇಪೆ, ತೇಪೆಗೆ ತೇಪೆ.

ಗಂಟುಕಳ್ಳಿ
ವಾಹ್, ತೇಪೆ ಸೂಪರ್. ಈ ತೇಪೆ ಮುಗಿಯೋದೇ ಇಲ್ಲ. ಮುಗಿಸದೆ ಅನಂತದವರೆಗೂ ಹಾಕಿಕೊಂಡು ಹೋದ ಗೋಪುರವೇ ಕ್ಯಾಸನ್ ಹ್ಯಾಂಡಲ್. ಫ್ರೀಡ್‌ಮನ್ ಮಾಡಿದ ಪವಾಡ ಏನಂದ್ರೆ, ಆ ಗೋಪುರ ಟೋಪಾಲಜಿಯ ಕಣ್ಣಿಗೆ ಸಾದಾ ಹ್ಯಾಂಡಲ್ಲೇ (ದಪ್ಪ ಮಾಡಿದ ಬಿಲ್ಲೆಯೇ) ಅಂತ ತೋರಿಸಿದ್ದು. ನುಣುಪಿನ ಕಣ್ಣಿಗೆ ಅದು ತೇಪೆಯಾಗೇ ಉಳಿಯುತ್ತೆ. ಎಕ್ಸಾಟಿಕ್ ಹುಟ್ಟೋದು ಈ ಎರಡು ಕಣ್ಣಿನ ನಡುವೆ.

ಮೂರು ಮತ್ತು ಕೆಳಗೆ ಜಾಗವೇ ಕಮ್ಮಿ, ಟೋಪಾಲಜಿ ಹೇಳಿದ ಹಾಗೆ ನುಣುಪು ಕೇಳುತ್ತೆ (ಮೂರಕ್ಕೆ ಮೋಯಿಸ್, 1952). ಐದು ಮತ್ತು ಮೇಲೆ ಬಿಲ್ಲೆ ಆಡೋಕೆ ಜಾಗ ಇದೆ (ಯೂಕ್ಲಿಡ್ ಜಾಗಗಳಿಗೆ ಸ್ಟಾಲಿಂಗ್ಸ್, 1962). ನಾಲ್ಕು ನಡುವೆ ಸಿಕ್ಕಿಹಾಕಿಕೊಂಡಿದೆ.

ನಿವೃತ್ತ_ಭೌತ
ಒಂದು ತಿದ್ದುಪಡಿ. ಮೇಲಿನ ಆಯಾಮಗಳಲ್ಲಿ ಎಕ್ಸಾಟಿಕ್ಕೇ ಇಲ್ಲ ಅನ್ನೋ ಭಾವನೆ ಬೇಡ. ಮೊದಲು ಸಿಕ್ಕಿದ್ದೇ ಏಳರಲ್ಲಿ. ಮಿಲ್ನರ್, 1956, ಏಳು ಆಯಾಮದ ಗೋಳ. ಮುಂದೆ ಕೆರ್ವೇರ್ ಮತ್ತು ಮಿಲ್ನರ್ ಲೆಕ್ಕ ಹಾಕಿದಾಗ ದಿಕ್ಕನ್ನೂ ಗಣಿಸಿ ಒಟ್ಟು 28 ಬಂತು, ನಮ್ಮ ಸಾದಾ ಗೋಳವೂ ಸೇರಿ. ಮುಚ್ಚಿದ ಆಕಾರಗಳಿಗೆ ಐದರ ಮೇಲೆ ಲೆಕ್ಕ ಯಾವಾಗಲೂ ಸೀಮಿತ. ನಾಲ್ಕರಲ್ಲಿ ಆ ಮಿತಿಯೇ ತಪ್ಪಿಹೋಗುತ್ತದೆ. ವಿಶೇಷ ಇರುವುದು ಅಲ್ಲಿ.

ಪದಕಟ್ಟು
ಎಲ್ಲರೂ ಎಕ್ಸಾಟಿಕ್ ಎಕ್ಸಾಟಿಕ್ ಅಂತಿದ್ದೀರಿ. ಕನ್ನಡದಲ್ಲಿ ಪದ ಇಲ್ಲವೇ? "ವಿಲಕ್ಷಣ" ಅನ್ನಿ. ಸ್ಮೂತ್ ಸ್ಟ್ರಕ್ಚರಿಗೆ "ನಯರಚನೆ".

ಬ್ಯಾಕ್‌ಬೆಂಚ್_ಭೈರ
"ಪರದೇಶಿ ಆರ್-4" ಅನ್ನಿ. ಪಾಪ, ಸಾದಾ ಆರ್-4 ಮನೆಯೊಳಗೆ ಸೇರಿಸಲ್ಲ ಅನ್ನುತ್ತೆ.

ಪದಕಟ್ಟು
ತಮಾಷೆ ಅಲ್ಲ. "ನಯ" ಅಂದರೆ ಮೋಸ ಅಂತಲೂ ಧ್ವನಿ ಬರುತ್ತೆ, ನಯವಂಚಕ ಅನ್ನಲ್ವಾ? ಈ ಆರ್-4ಗೆ ಅದು ಸರಿಯಾಗೇ ಹೊಂದುತ್ತೆ.

ಮೇಷ್ಟ್ರು_ಸಾಗರ
ನಯರಚನೆ ಇಟ್ಟುಕೊಂಡೆ. ಆದರೆ ನನಗೆ ಕೈಗೆ ಸಿಗುವ ಹಾಗೆ ಒಂದು ಗುಣ ಬೇಕು. ಸಾದಾ ಆರ್-4, ಎಕ್ಸಾಟಿಕ್ ಆರ್-4, ಎರಡನ್ನೂ ಎದುರಿಗಿಟ್ಟರೆ ವ್ಯತ್ಯಾಸ ಎಲ್ಲಿ ಕಾಣುತ್ತೆ?

ಗಂಟುಕಳ್ಳಿ
ಒಳ್ಳೇ ಪ್ರಶ್ನೆ, ನನಗೆ ತುಂಬಾ ಇಷ್ಟವಾದ ಉತ್ತರ ಇದೆ.

ಸಾದಾ ಆರ್-4ನಲ್ಲಿ ಎಷ್ಟೇ ದೊಡ್ಡ ಸಾಮಾನು ಇಡಿ, ಅದಕ್ಕೊಂದು ಮಿತಿ ಇದ್ದರೆ ಸಾಕು, ಸುತ್ತ ನುಣುಪಾದ ಮೂರು ಆಯಾಮದ ಗೋಳದ ಬೇಲಿ ಹಾಕಬಹುದು. ದೊಡ್ಡ ತ್ರಿಜ್ಯ ತಗೊಂಡ್ರೆ ಮುಗೀತು. "ದೊಡ್ಡ" ಜಾತಿಯ ಎಕ್ಸಾಟಿಕ್ ಆರ್-4ಗಳಲ್ಲಿ ಒಂದು ಸಾಮಾನು ಇರುತ್ತೆ, ಅದಕ್ಕೂ ಮಿತಿ ಇದೆ, ಆದರೆ ಅದರ ಸುತ್ತ ನುಣುಪಾದ ಗೋಳದ ಬೇಲಿ ಹಾಕೋಕೇ ಆಗಲ್ಲ! ಮುರುಕು ಬೇಲಿ ಬೇಕಾದಷ್ಟು ಹಾಕಬಹುದು, ನುಣುಪಾದದ್ದು ಒಂದೂ ಇಲ್ಲ.

ಯಾಕೆ ಅಂದ್ರೆ: ಕೆ-3 ಅಂತ ಒಂದು ಪ್ರಸಿದ್ಧ ನಾಲ್ಕಾಯಾಮದ ಮ್ಯಾನಿಫೋಲ್ಡ್ (ಹತ್ತಿರದಿಂದ ನೋಡಿದರೆ ಆರ್-4 ಹಾಗೇ ಕಾಣೋ ಆಕಾರ) ಇದೆ. ಅದರೊಳಗೆ ಮೇಲ್ಮೈಗಳು ಒಂದನ್ನೊಂದು ಎಷ್ಟು ಸಲ ಕತ್ತರಿಸುತ್ತವೆ ಅನ್ನೋ ಕೋಷ್ಟಕ ಬರೆದರೆ, ಇ-8 ಅನ್ನೋ ತುಂಡು ಎರಡು, ಸರಳ ತುಂಡು ಮೂರು ಬರುತ್ತವೆ. ಫ್ರೀಡ್‌ಮನ್ ಪ್ರಕಾರ ಮೂರು ಸರಳ ತುಂಡನ್ನೂ ಕತ್ತರಿಸಿ ತೆಗೀಬಹುದು, ಟೋಪಾಲಜಿಯಲ್ಲಿ. ನುಣುಪಾಗಿ ತೆಗೆದರೆ ಉಳಿಯೋದು ಬರೀ ಎರಡು ಇ-8. ಅಂಥದ್ದು ನುಣುಪಾಗಿ ಇರೋಕೆ ಸಾಧ್ಯವೇ ಇಲ್ಲ ಅಂತ ಡೊನಾಲ್ಡ್‌ಸನ್. ಹಾಗಾಗಿ ಆ ಕತ್ತರಿ ಆಡೋ ಜಾಗದಲ್ಲಿ ಸಿಗೋ ಆರ್-4ಗೆ ನುಣುಪಾದ ಬೇಲಿ ಸಿಕ್ಕಿಬಿಟ್ಟರೆ, ಅದೇ ಗೆರೆಯಲ್ಲಿ ಕತ್ತರಿಸಿ ಡೊನಾಲ್ಡ್‌ಸನ್ನರನ್ನು ಸುಳ್ಳು ಮಾಡಬಹುದಿತ್ತು. ಅದಕ್ಕೇ ಬೇಲಿ ಇಲ್ಲ.

ಕುಡ್ಲದ_ಮಾರಾಯ
ಬೇಲಿ ಹಾಕ್ಲಿಕ್ಕೆ ಆಗದ ಜಾಗ! ಸರ್ವೇಯವರು ಏನು ಮಾಡ್ಬೇಕು ಮಾರಾಯ್ರೆ.

ಧಾರವಾಡ_ಪೇಢಾ
ನಮ್ಮ ಹೊಲದ್ದೂ ಇದ ಕತಿರಿ, ಇಪ್ಪತ್ತು ವರ್ಷ ಆತು ಬಾಜೂ ಹೊಲದವನ ಜೋಡಿ ಬದುವಿನ ಜಗಳ ಮುಗಿದಿಲ್ಲ.

ನಿವೃತ್ತ_ಭೌತ
ಇದರಲ್ಲಿ ಬೆಂಗಳೂರಿನ ನಂಟೂ ಒಂದು ಇದೆ. ಗಣಿತಜ್ಞ ಎಂ. ಎಸ್. ನರಸಿಂಹನ್ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು, 2021ರಲ್ಲಿ ಇಲ್ಲೇ ತೀರಿಕೊಂಡರು. ಅವರೂ ಸಿ. ಎಸ್. ಶೇಷಾದ್ರಿಯವರೂ 1965ರಲ್ಲಿ ಸಾಧಿಸಿದ ಪ್ರಮೇಯ ಒಂದಿದೆ.

ಬ್ಯಾಕ್‌ಬೆಂಚ್_ಭೈರ
ಬಂತು ನೋಡಿ. ಎಲ್ಲಾ ನಮ್ಮವರೇ ಮೊದಲು ಕಂಡುಹಿಡಿದದ್ದು, ಹತ್ತು ಜನಕ್ಕೆ ಫಾರ್ವರ್ಡ್ ಮಾಡಿ.

ನಿವೃತ್ತ_ಭೌತ
ಪೂರ್ತಿ ಓದು ಮಗು. ಅವರು ಎಕ್ಸಾಟಿಕ್ ಕಂಡುಹಿಡಿದರು ಅಂತ ನಾನು ಹೇಳಿಲ್ಲ. ಅವರ ಪ್ರಮೇಯ ರೀಮಾನ್ ಮೇಲ್ಮೈಗಳ ಮೇಲಿನ ಸ್ಥಿರ ವೆಕ್ಟರ್ ಬಂಡಲ್‌ಗಳದ್ದು (ಪ್ರತಿ ಬಿಂದುವಿಗೂ ಒಂದೊಂದು ಸದಿಶ ಜಾಗ ಕಟ್ಟಿದ ಕಂತೆಗಳು). 1983ರಲ್ಲಿ ಅದಕ್ಕೆ ಗೇಜ್ ಸಿದ್ಧಾಂತದಿಂದ (ಭೌತಶಾಸ್ತ್ರದಿಂದ ಬಂದ ಬಲಕ್ಷೇತ್ರಗಳ ಗಣಿತ) ಹೊಸ ಸಾಧನೆ ಕೊಟ್ಟವರು ಇದೇ ಡೊನಾಲ್ಡ್‌ಸನ್. 1985ರಲ್ಲಿ ಅದನ್ನೇ ಬೀಜಗಣಿತೀಯ ಮೇಲ್ಮೈಗಳಿಗೆ ಏರಿಸಿದರು. ಆ ದಾರಿಯಲ್ಲೇ ಲೆಕ್ಕ ಮಾಡಿ, 1987ರಲ್ಲಿ ಡೋಲ್ಗಚೆವ್ ಮೇಲ್ಮೈ ಅನ್ನೋದು ಒಂಬತ್ತು ಕಡೆ ಊದಿಸಿದ ಪ್ರೊಜೆಕ್ಟಿವ್ ಸಮತಲಕ್ಕೆ ಹೋಮಿಯೋಮಾರ್ಫಿಕ್, ಡಿಫಿಯೋಮಾರ್ಫಿಕ್ ಅಲ್ಲ ಅಂತ ತೋರಿಸಿದರು. ಮುಚ್ಚಿದ, ಸರಳವಾಗಿ ಸಂಬದ್ಧವಾದ (ಒಳಗಿನ ಯಾವ ಕುಣಿಕೆಯನ್ನೂ ಬಿಂದುವಾಗಿ ಕುಗ್ಗಿಸಬಹುದಾದ) ಎಕ್ಸಾಟಿಕ್ ಜೋಡಿಗೆ ಅದೇ ಮೊದಲ ಉದಾಹರಣೆ. ನಂಟು ನಂಟೇ, ಹಕ್ಕು ಸಾಧಿಸಬೇಕಿಲ್ಲ.

ಬ್ಯಾಕ್‌ಬೆಂಚ್_ಭೈರ
ಸಾರಿ ಅಂಕಲ್. ಆ ಫಾರ್ವರ್ಡ್ ಮಾತು ವಾಪಸ್.

ಗಂಟುಕಳ್ಳಿ
ಇಲ್ಲಿವರೆಗೂ ಎಲ್ಲರೂ ಜಾಗಗಳ ಬಗ್ಗೆ ಮಾತಾಡಿದ್ರಿ. ಈಗಿನ ಗದ್ದಲ ಡಿಫಿಯೋಮಾರ್ಫಿಸಂಗಳ ಬಗ್ಗೆ, ಅವೂ ಎಕ್ಸಾಟಿಕ್ ಆಗ್ತವೆ. ಒಂದೇ ಜಾಗ, ಅದರಿಂದ ಅದಕ್ಕೇ ಒಂದು ನುಣುಪು ಚಿತ್ರಣ. ಟೋಪಾಲಜಿಯ ದಾರಿಯಲ್ಲಿ ಮೆಲ್ಲಗೆ ಕರಗಿಸಿ "ಏನೂ ಮಾಡಿಲ್ಲ" ಅನ್ನೋ ಸ್ಥಿತಿಗೆ ತರಬಹುದು, ನುಣುಪಾದ ದಾರಿಯಲ್ಲಿ ತರೋಕಾಗಲ್ಲ. ಮೊದಲು ತೋರಿಸಿದ್ದು ರೂಬರ್ಮನ್, 1998.

ನನಗೆ ಇಷ್ಟವಾದದ್ದು 2020ರ ಕ್ರಾನ್‌ಹೈಮರ್ ಮತ್ತು ಮ್ರೋವ್ಕಾ ಉದಾಹರಣೆ. ಅದನ್ನು ತಿಳಿಯೋಕೆ ಅಡಿಗೆಮನೆಗೆ ಹೋಗಿ ಒಂದು ತಟ್ಟೆ ತನ್ನಿ. ಸ್ಟೀಲಿಂದೇ ಇರಲಿ, ಬಿದ್ದರೂ ಒಡೆಯಲ್ಲ. ಅಂಗೈ ಮೇಲೆ ಮಟ್ಟಸವಾಗಿ ಇಟ್ಟುಕೊಳ್ಳಿ. ತಟ್ಟೆ ಓರೆಯಾಗದ ಹಾಗೆ ಕಂಕುಳ ಕೆಳಗಿಂದ ಒಳಗೆ ತಿರುಗಿಸಿ ಒಂದು ಸುತ್ತು ತನ್ನಿ. ತಟ್ಟೆ ಮೊದಲಿದ್ದ ಹಾಗೇ ಇದೆ, ಮೊಣಕೈ ಮಾತ್ರ ಆಕಾಶ ನೋಡ್ತಿದೆ. ನಿಲ್ಲಿಸಬೇಡಿ. ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು, ಈ ಸಲ ತಲೆ ಮೇಲಿಂದ. ಕೈ ಬಿಚ್ಚಿಕೊಂಡು ನೆಟ್ಟಗಾಯ್ತು! ಒಂದು ಸುತ್ತು ಬಿಚ್ಚಲ್ಲ, ಎರಡು ಸುತ್ತು ಬಿಚ್ಚುತ್ತೆ. ನಾಲ್ಕು ಆಯಾಮದ ತಿರುಗುವಿಕೆಯಲ್ಲೂ ಇದೇ ಕತೆ.

ಈಗ ಎರಡು ಕೆ-3 ತಗೊಂಡು ಒಂದು ಕೊರಳಿನಿಂದ ಜೋಡಿಸಿ. ಕೊರಳು ಅಂದ್ರೆ ಮೂರಾಯಾಮದ ಗೋಳಗಳ ಸರಮಾಲೆ. ಆ ಕಡೆಯಿಂದ ಈ ಕಡೆಗೆ ಬರುತ್ತಾ ಗೋಳವನ್ನು ಮೆಲ್ಲಗೆ ತಿರುಗಿಸಿ ಒಂದು ಪೂರಾ ಸುತ್ತು ಹಾಕಿಸಿ. ಇದೇ ಡೇನ್ ಟ್ವಿಸ್ಟ್. ಎರಡು ಸಲ ತಿರುಚಿದರೆ ತಟ್ಟೆಯ ಹಾಗೇ ನುಣುಪಾಗಿ ಬಿಚ್ಚಿಕೊಳ್ಳುತ್ತೆ. ಒಂದು ಸಲ ತಿರುಚಿದ್ದು ಟೋಪಾಲಜಿಯಲ್ಲಿ ಬಿಚ್ಚುತ್ತೆ, ನುಣುಪಾಗಿ ಬಿಚ್ಚಲ್ಲ. ಅವರು ಸಾಧಿಸಿದ್ದು ಅದನ್ನು.

ಮೇಷ್ಟ್ರು_ಸಾಗರ
ತಟ್ಟೆ ತಿರುಗಿಸಿದೆ. ಮೊದಲ ಸಲ ಬಿತ್ತು. "ಈ ವಯಸ್ಸಲ್ಲಿ ಭರತನಾಟ್ಯವಾ" ಅಂದ್ಲು ಹೆಂಡತಿ. ಎರಡನೇ ಸಲ ಬಂತು. ಆದರೆ ಎರಡೂ ಕಡೆ ಕೆ-3ನೇ ಯಾಕೆ? ಬೇರೆ ಏನಾದ್ರೂ ಜೋಡಿಸಿದರೆ ಆಗಲ್ವಾ?

ಗಂಟುಕಳ್ಳಿ
ಒಂದು ಕಡೆ ಪ್ರೊಜೆಕ್ಟಿವ್ ಸಮತಲವೋ ಎರಡು ಗೋಳಗಳ ಗುಣಲಬ್ಧವೋ ಇದ್ದರೆ ಆ ಕಡೆಯ ಇಡೀ ಜಾಗವನ್ನೇ ಗಿರ್ರನೆ ಒಂದು ಸುತ್ತು ತಿರುಗಿಸಬಹುದು. ತಿರುಚಿದ್ದು ತಾನಾಗೇ ಸರಿಹೋಗುತ್ತೆ. ಕೆ-3 ಹಾಗೆ ತಿರುಗೋಕೆ ಒಪ್ಪಲ್ಲ, ಅದಕ್ಕೆ ನುಣುಪಾದ ವೃತ್ತೀಯ ಸಮ್ಮಿತಿಯೇ ಇಲ್ಲ. ಎರಡೂ ಕಡೆ ಮೊಂಡರು ಕೂತರೆ ತಿರುಚು ಎಲ್ಲಿಗೆ ಹೋಗಬೇಕು?

ಧಾರವಾಡ_ಪೇಢಾ
ಎರಡೂ ಕಡೆ ಮೊಂಡರು ಅಂದ್ರ ನಮ್ಮ ಹೊಲದ ಕೇಸ ಮತ್ತ ಬಂತು ನೋಡ್ರಿ.

ಪದಕಟ್ಟು
ನಾನು ಓದಿದ ಹಾಗೆ 2018ರಲ್ಲಿ ವಟಾನಬೆ ನಾಲ್ಕಾಯಾಮದ ಗೋಳಕ್ಕೂ ಎಕ್ಸಾಟಿಕ್ ಇದೆ ಅಂತ ಸಾಧಿಸಿದ್ದಾರೆ. ಅಲ್ಲಿಗೆ ನುಣುಪು ಪಾಂಕರೆ ಊಹೆ (ನಾಲ್ಕರಲ್ಲಿ ಎಕ್ಸಾಟಿಕ್ ಗೋಳ ಇಲ್ಲ ಅನ್ನೋದು) ಬಿದ್ದುಹೋಯ್ತು ತಾನೇ?

ಗಂಟುಕಳ್ಳಿ
ಇಲ್ಲ ಇಲ್ಲ! ಈ ತಪ್ಪು ಎಲ್ಲಾ ಕಡೆ ನೋಡ್ತೀನಿ. ವಟಾನಬೆ ಬೀಳಿಸಿದ್ದು ಸ್ಮೇಲ್ ಊಹೆಯ ನಾಲ್ಕಾಯಾಮದ ರೂಪವನ್ನು. ಗೋಳದ ಎಲ್ಲಾ ಡಿಫಿಯೋಮಾರ್ಫಿಸಂಗಳನ್ನೂ ಒಟ್ಟು ಹಾಕಿದ ಜಾಗ, ಹೋಮೋಟೋಪಿಯ (ಮೆಲ್ಲಗೆ ಬದಲಾಯಿಸುತ್ತಾ ಹೋಗೋ) ಲೆಕ್ಕದಲ್ಲಿ ಬರೀ ತಿರುಗಿಸೋದು, ಪ್ರತಿಫಲಿಸೋದು ಇವುಗಳ ಜಾಗದಷ್ಟೇ ಅಂತ ಆ ಊಹೆ. ಎರಡು ಆಯಾಮದ ಗೋಳಕ್ಕೆ ಸ್ಮೇಲ್ ಅವರೇ 1959ರಲ್ಲಿ ಸಾಧಿಸಿದ್ರು, ಮೂರಕ್ಕೆ ಹ್ಯಾಚರ್ 1983ರಲ್ಲಿ. ನಾಲ್ಕಕ್ಕೆ ಅದು ಸುಳ್ಳು, ಅಲ್ಲಿ ಇನ್ನೂ ಹೆಚ್ಚಿನದು ಅಡಗಿದೆ. ಅದು ಸಾದಾ ಗೋಳದ ಸಮ್ಮಿತಿಗಳ ಮಾತು. ಎರಡನೇ ಗೋಳ ಇದೆ ಅಂತಲ್ಲ. ನಾಲ್ಕಾಯಾಮದ ಎಕ್ಸಾಟಿಕ್ ಗೋಳ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಕುಡ್ಲದ_ಮಾರಾಯ
ಮಿಲ್ನರ್ ಗೋಳಗಳ ಹಾಗೆ ಎರಡು ಅರ್ಧವನ್ನು ವಕ್ರವಾಗಿ ಅಂಟಿಸಿದರೆ ಆಗುದಿಲ್ವಾ?

ಗಂಟುಕಳ್ಳಿ
ನಾಲ್ಕರಲ್ಲಿ ಆ ಬಾಗಿಲನ್ನು ಸೆರ್ಫ್ 1968ರಲ್ಲೇ ಮುಚ್ಚಿದರು. ಅಂಟಿಸೋ ಅಂಚು ಮೂರಾಯಾಮದ ಗೋಳ, ಅದರ ಯಾವ ಡಿಫಿಯೋಮಾರ್ಫಿಸಂ ಆದರೂ ಒಳಗಿನ ಉಂಡೆಗೆ ನುಣುಪಾಗಿ ಹಬ್ಬುತ್ತೆ. ಎಷ್ಟೇ ವಕ್ರವಾಗಿ ಅಂಟಿಸಿದರೂ ಸಾದಾ ಗೋಳವೇ ಬರೋದು. ಅನುಮಾನದ ಗೋಳಗಳ ದೊಡ್ಡ ಪಟ್ಟಿಯೇ ಇತ್ತು. ಕ್ಯಾಪೆಲ್ ಮತ್ತು ಶೇನ್ಸನ್ 1976ರಲ್ಲಿ ಕಟ್ಟಿದವುಗಳಲ್ಲಿ ಒಂದು ಅನಂತ ಸರಣಿ ಸಾದಾ ಅಂತ 2010ರಲ್ಲಿ ಅಕ್ಬುಲುತ್ ತೋರಿಸಿದರು. 2021ರಲ್ಲಿ ಮನೋಲೆಸ್ಕು, ಪಿಚ್ಚಿರಿಲ್ಲೋ ಇಬ್ಬರೂ ಐದು ಗಂಟುಗಳನ್ನು ಹೆಸರಿಸಿ, ಇವುಗಳಲ್ಲಿ ಒಂದಾದ್ರೂ ಸ್ಲೈಸ್ (ನಾಲ್ಕಾಯಾಮದ ಉಂಡೆಯೊಳಗಿನ ನುಣುಪಾದ ಬಿಲ್ಲೆಯ ಅಂಚು) ಆದರೆ ಎಕ್ಸಾಟಿಕ್ ಗೋಳ ಸಿಕ್ಕಂತೆ ಅಂದ್ರು. ನಾವೆಲ್ಲ ಲ್ಯಾಬಿನಲ್ಲಿ ಸಮೋಸಾ ತರಿಸಿ ಕೂತಿದ್ವಿ. ಮುಂದಿನ ವರ್ಷ ನಕಾಮುರಾ ಬಂದು ಐದೂ ಸ್ಲೈಸ್ ಅಲ್ಲ ಅಂತ ತೋರಿಸಿದರು. ಸಮೋಸಾ ಮಾತ್ರ ಚೆನ್ನಾಗಿತ್ತು.

ನಿವೃತ್ತ_ಭೌತ
ನನ್ನ ಕಡೆಯಿಂದ ಕೊನೆಯ ಮಾತು. ದೇಶ ಕಾಲ ಸೇರಿ ನಾಲ್ಕು ಆಯಾಮ, ಹಾಗಾದರೆ ನಮ್ಮ ವಿಶ್ವವೇ ಎಕ್ಸಾಟಿಕ್ಕೇ ಅಂತ ಯಾರಾದರೂ ಕೇಳೇ ಕೇಳುತ್ತೀರಿ. ಇವತ್ತಿನ ಸ್ಥಿತಿಯಿಂದ ನಾಳೆಯದು ಸರಿಯಾಗಿ ನಿರ್ಧಾರವಾಗಬೇಕು ಅನ್ನೋ ನಿಬಂಧನೆ ಹಾಕಿದರೆ ದೇಶಕಾಲ ಅಂದರೆ ಮೂರು ಆಯಾಮದ ತುಂಡು ಗುಣಿಸು ಕಾಲ. ಆಗ ಅದು ಆರ್-4ಗೆ ಹೋಮಿಯೋಮಾರ್ಫಿಕ್ ಆಗಿದ್ದರೆ ಡಿಫಿಯೋಮಾರ್ಫಿಕ್ಕೂ ಆಗಿರಲೇಬೇಕು. ಪರದೇಶಿಗಳಿಗೆ ಅಲ್ಲಿ ವೀಸಾ ಇಲ್ಲ.

ಮೇಷ್ಟ್ರು_ಸಾಗರ
ಸೋಮವಾರದ ವರದಿ. ಹಳೇ ನಂಬರ್ ಹೊಸ ನಂಬರ್ ಹೇಳಿದೆ. ಹುಡುಗ ತಲೆ ಆಡಿಸಿದ, ತನ್ನ ಎಕ್ಸ್ ಘನವನ್ನು ತಾನೇ ಅಳಿಸಿದ. ಬೇಲಿ ಹೇಳಿದೆ, ತಟ್ಟೆ ತಿರುಗಿಸಿ ತೋರಿಸಿದೆ (ಸ್ಟಾಫ್ ರೂಮಿನ ಬಿಸ್ಕತ್ತಿನ ತಟ್ಟೆ, ಬೀಳಲಿಲ್ಲ). ಇಡೀ ಕ್ಲಾಸು ಎದ್ದು ನೋಟ್‌ಬುಕ್ ಅಂಗೈ ಮೇಲಿಟ್ಟು ತಿರುಗಿಸ್ತಾ ಇರುವಾಗ ಪ್ರಿನ್ಸಿಪಾಲರು ಕಾರಿಡಾರಲ್ಲಿ ಹಾದುಹೋದರು. ಏನೂ ಕೇಳಲಿಲ್ಲ.

ಬೆಲ್ ಹೊಡೆದ ಮೇಲೆ ಅವನೇ ಮತ್ತೆ ಬಂದ. "ಸಾರ್, ಐದರಲ್ಲಿ ಒಂದೇ ಬಗೆ ಅಂದ್ರಿ. ಹಾಗಾದ್ರೆ ಎಕ್ಸಾಟಿಕ್ ಆರ್-4ನ ಒಂದು ರೇಖೆಯಿಂದ ಗುಣಿಸಿದರೆ ಸಾದಾ ಆರ್-5 ಬರಬೇಕಲ್ಲ?"

ಗಂಟುಕಳ್ಳಿ
ಬರುತ್ತೆ! ಯಾವ ಎಕ್ಸಾಟಿಕ್ ಆರ್-4 ತಗೊಂಡ್ರೂ ಬರುತ್ತೆ. ಒಂದು ಆಯಾಮ ಹೆಚ್ಚು ಸಿಕ್ಕಿದ ಕೂಡಲೇ ತೇಪೆ ಎಲ್ಲಾ ಬಿಡಿಸಿಕೊಳ್ಳುತ್ತೆ. ಅಂದರೆ ನಮ್ಮ ಸಾದಾ ಆರ್-5ನ್ನು ಸಾದಾ ಆರ್-4ಗಳ ಕಂತೆಯಾಗಿಯೂ ಸೀಳಬಹುದು, ಎಕ್ಸಾಟಿಕ್‌ಗಳ ಕಂತೆಯಾಗಿಯೂ ಸೀಳಬಹುದು. ಇದನ್ನ ಅವನು ತಾನಾಗೇ ಕೇಳಿದನಾ?

ಮೇಷ್ಟ್ರು_ಸಾಗರ
ತಾನಾಗೇ. ನಾನು ಹೌದಪ್ಪ ಅಂದೆ. "ಹಾಗಾದ್ರೆ ಆ ಡಿಫಿಯೋಮಾರ್ಫಿಸಂ ಸೂತ್ರ ಬೋರ್ಡ್ ಮೇಲೆ ಬರೀರಿ ಸಾರ್" ಅಂದ.

ಬ್ಯಾಕ್‌ಬೆಂಚ್_ಭೈರ
ಸಾರ್, ಬಾಟಲಿ ತುಂಬಿಸ್ಕೊಳ್ಳಿ.